ಕಾಲವನ್ನು ಎಣಿಸಿದ ಭಕ್ತನು: ಯೋಹಾನ್ ಆಲ್ಬ್ರೆಖ್ಟ್ ಬೆಂಗೆಲನ ಚರಿತ್ರೆ



ಕಡೂರು, ತರೀಕೆರೆ, ಅಜ್ಜಂಪುರ ಈ ಮೂರು ಕಡೆಗಳಲ್ಲಿರುವ ನಮ್ಮ ಚಿಕ್ಕ ಸಭೆಗಳಿಗೆ ಕೀರ್ತನೆಗಳ ಪುಸ್ತಕವು ಬಹು ಪ್ರಿಯವಾದದ್ದು. ಮಳೆ ತಡೆದಾಗಲೂ, ಮನೆಯಲ್ಲಿ ಮರಣವುಂಟಾದಾಗಲೂ, ಸುಗ್ಗಿಯ ಸ್ತೋತ್ರವನ್ನು ಸಲ್ಲಿಸುವಾಗಲೂ ನಾವು ಮೊದಲು ತೆರೆಯುವದು ಅದನ್ನೇ. ಓದು ಬಾರದ ಮುದುಕಿಯರು ಸಹ ಒಂದೆರಡು ಕೀರ್ತನೆಗಳನ್ನು ಬಾಯಿಪಾಠವಾಗಿ ಬಲ್ಲರು. ಆದರೆ ಕೆಲವು ಕಾಲದಿಂದ ಈ ಪುಸ್ತಕವನ್ನು ಬೇರೊಂದು ವಿಧವಾಗಿ ಓದುವವರು ನಮ್ಮಲ್ಲಿ ಹೆಚ್ಚಿದ್ದಾರೆ. 83ನೆಯ ಕೀರ್ತನೆಯಲ್ಲಿ ಇಸ್ರಾಯೇಲಿಗೆ ವಿರೋಧವಾಗಿ ಕೂಡಿಕೊಂಡ ಹತ್ತು ಜನಾಂಗಗಳ ಹೆಸರುಗಳಿವೆಯಷ್ಟೆ. ಅವುಗಳನ್ನು ಈಗಿನ ರಾಜ್ಯಗಳಿಗೆ ಒಂದೊಂದಾಗಿ ಹೊಂದಿಸಿ, ಕಡೇ ಯುದ್ಧವು ಇಂಥ ವರುಷದಲ್ಲಿಯೇ ಆಗುವದೆಂದು ಹೇಳುವವರಿದ್ದಾರೆ. 90ನೆಯ ಕೀರ್ತನೆಯಲ್ಲಿ ಸಾವಿರ ವರುಷಗಳನ್ನು ದೇವರ ದೃಷ್ಟಿಯಲ್ಲಿ ಒಂದು ದಿನಕ್ಕೆ ಹೋಲಿಸಿರುವದನ್ನು ಹಿಡಿದುಕೊಂಡು, ಲೋಕದ ಆಯುಷ್ಯವನ್ನು ಅಳೆಯುವವರಿದ್ದಾರೆ. ಇದಲ್ಲದೆ, ಅಮೆರಿಕದ ಜೆ. ಆರ್. ಚರ್ಚ್ ಎಂಬವನು 1986ರಲ್ಲಿ ಒಂದು ಪುಸ್ತಕವನ್ನು ಬರೆದು, ಕೀರ್ತನೆಗಳ ಅಂಕೆಗಳೇ ಇಸವಿಗಳೆಂದೂ, 48ನೆಯ ಕೀರ್ತನೆಯು ಇಸ್ರಾಯೇಲ್ ರಾಜ್ಯವು ಹುಟ್ಟಿದ 1948ನೆಯ ವರುಷವನ್ನು ಸೂಚಿಸುತ್ತದೆಂದೂ ತೋರಿಸಲೆತ್ನಿಸಿದನು. ಇಂಥ ಬೋಧನೆಗಳು ಸಮುದ್ರವನ್ನು ದಾಟಿ ನಮ್ಮ ಹಳ್ಳಿಗಳಿಗೂ ಬಂದು ಮುಟ್ಟಿವೆ.

ಮುಂಗಾರಿನ ಆರಂಭದಲ್ಲಿ ತರೀಕೆರೆ ಕಡೆಯ ಸಭೆಯ ಹಿರಿಯನೊಬ್ಬನು ನನ್ನನ್ನು ಬದಿಗೆ ಕರೆದು ಒಂದು ಮಾತು ಕೇಳಿದನು. ಅವನಿಗೆ ಸ್ವಲ್ಪ ನೀರಾವರಿ ಭೂಮಿಯುಂಟು. ಅಲ್ಲಿ ಅಡಿಕೆಯ ಸಸಿಗಳನ್ನಿಡಬೇಕೆಂದು ಎರಡು ವರುಷದಿಂದ ಹಣ ಕೂಡಿಸುತ್ತಿದ್ದನು. ಆದರೆ ಅಡಿಕೆಯು ಫಲಕೊಡಲು ಆರೇಳು ವರುಷವಾದರೂ ಬೇಕು. ಅಷ್ಟು ಕಾಲ ಈ ಲೋಕವೇ ಇರುವದಿಲ್ಲವೆಂದು ಕೀರ್ತನೆಗಳಿಂದ ಲೆಕ್ಕಹಾಕಿ ತೋರಿಸಿದ ಮೇಲೆ ಸಸಿ ನೆಡುವದು ಅವಿಶ್ವಾಸವಲ್ಲವೇ ಎಂಬದು ಅವನ ಪ್ರಶ್ನೆ. ಅವನು ಹಾಸ್ಯಕ್ಕೆ ಕೇಳಲಿಲ್ಲ. ಕೇಳುವಾಗ ಅವನ ಮುಖವು ಬಾಡಿತ್ತು. ಅವನಿಗೆ ಆ ಹೊತ್ತು ಅರ್ಧ ಉತ್ತರವನ್ನು ಕೊಟ್ಟೆನು. ಉಳಿದರ್ಧವನ್ನು ಈ ಪತ್ರಿಕೆಯ ಮೂಲಕ, ಬಹು ಕಾಲದ ಹಿಂದೆ ತೀರಿಹೋದ ಒಬ್ಬ ದೇವಭಕ್ತನ ಜೀವಿತದಿಂದ ಕೊಡಬಯಸುತ್ತೇನೆ. ಅವನು ಸತ್ಯವೇದದ ಒಂದೊಂದು ಅಕ್ಷರವನ್ನೂ ತೂಗಿ ನೋಡಿದವನು, ಲೋಕದ ಕಾಲವನ್ನೂ ಎಣಿಸಿದವನು, ಎಣಿಕೆಯಲ್ಲಿ ತಪ್ಪಿದವನು. ಹಾಗಿದ್ದರೂ ನಮ್ಮ ಕನ್ನಡ ಸಭೆಗಳು ಅವನಿಗೆ ಸಾಲಗಾರರಾಗಿವೆ. ಅದು ಹೇಗೆಂಬದನ್ನು ಮುಂದೆ ಓದಿರಿ.

ಬಾಲ್ಯವೂ ವಿದ್ಯಾಭ್ಯಾಸವೂ

ಯೋಹಾನ್ ಆಲ್ಬ್ರೆಖ್ಟ್ ಬೆಂಗೆಲನು 1687ನೆಯ ಜೂನ್ 24ರಂದು ಜರ್ಮನಿಯ ವುರ್ಟೆಂಬೆರ್ಗ್ ಸೀಮೆಯ ವಿನ್ನೆಂಡೆನ್ ಎಂಬ ಚಿಕ್ಕ ಪಟ್ಟಣದಲ್ಲಿ ಹುಟ್ಟಿದನು. ತಂದೆಯು ಆ ಊರಿನ ಸಭೆಯಲ್ಲಿ ದೇವರ ಸೇವಕನು. ಮಗನಿಗೆ ಮೊದಲನೆಯ ಅಕ್ಷರಗಳನ್ನು ಕಲಿಸಿದವನೂ ಅವನೇ. ಬಾಲಕನಿಗೆ ಆರು ವರುಷವಾಗುವಷ್ಟರಲ್ಲಿ ತಂದೆಯು ಊರಿನಲ್ಲಿ ಹಬ್ಬಿದ ವ್ಯಾಧಿಯಿಂದ ಸತ್ತನು. ಅದೇ 1693ರಲ್ಲಿ ಫ್ರೆಂಚ್ ಅರಸನಾದ 14ನೆಯ ಲೂಯಿಯ ದಂಡು ಆ ಸೀಮೆಯ ಮೇಲೆ ಬಿದ್ದು ಊರುಗಳನ್ನು ಸುಟ್ಟಿತು. ವಿಧವೆಯ ಮನೆಯೂ ತಂದೆಯು ಬಿಟ್ಟುಹೋದ ಪುಸ್ತಕಗಳೂ ಬೆಂಕಿಗೆ ಆಹುತಿಯಾದವು. ಒಂದೇ ವರುಷದಲ್ಲಿ ತಂದೆಯನ್ನೂ ಮನೆಯನ್ನೂ ಕಳೆದುಕೊಂಡ ಮಗುವಿಗೆ ಲೋಕದ ಅಂತ್ಯವೆಂದರೇನೆಂದು ಯಾರೂ ವಿವರಿಸಿ ಹೇಳಬೇಕಾಗಿರಲಿಲ್ಲ.

ತಂದೆಯ ಸ್ನೇಹಿತನಾದ ಸ್ಪಿಂಡ್ಲರ್ ಎಂಬ ಉಪಾಧ್ಯಾಯನು ಬಾಲಕನನ್ನು ತನ್ನ ಮನೆಗೆ ಕರೆದುಕೊಂಡು ಸಾಕಿ ಓದಿಸಿದನು. ಕೆಲವು ವರುಷಗಳ ಮೇಲೆ ತಾಯಿಯು ಮರುಮದುವೆಯಾದಳು. ಆ ಮಲತಂದೆಯ ಸಹಾಯದಿಂದ ಬೆಂಗೆಲನು 1703ರಲ್ಲಿ ಟ್ಯೂಬಿಂಗೆನ್ ವಿದ್ಯಾಪೀಠವನ್ನು ಸೇರಿ ದೇವಶಾಸ್ತ್ರವನ್ನು ಓದಿದನು. ಅಲ್ಲಿ ಅವನ ಮನಸ್ಸಿನಲ್ಲಿ ಒಂದು ಕಳವಳವು ಹುಟ್ಟಿತು. ಹೊಸ ಒಡಂಬಡಿಕೆಯ ಗ್ರೀಕ್ ಕೈಬರಹದ ಪ್ರತಿಗಳು ಎಲ್ಲವೂ ಅಕ್ಷರಕ್ಕಕ್ಷರ ಒಂದೇ ಸಮನಾಗಿಲ್ಲ. ಒಂದರಲ್ಲಿರುವ ಪದವು ಮತ್ತೊಂದರಲ್ಲಿ ಇರುವದಿಲ್ಲ. 1707ರಲ್ಲಿ ಇಂಗ್ಲೆಂಡಿನ ಜಾನ್ ಮಿಲ್ ಎಂಬ ಪಂಡಿತನು ಇಂಥ ಪಾಠಭೇದಗಳನ್ನು ಸುಮಾರು 30,000ದಷ್ಟು ಕೂಡಿಸಿ ಅಚ್ಚುಹಾಕಿಸಿದನು. ಅದನ್ನು ನೋಡಿ ಕೆಲವರು ಸತ್ಯವೇದವನ್ನು ನಂಬತಕ್ಕದ್ದಲ್ಲವೆಂದರು. ಕೆಲವರು ಇಂಥ ಪುಸ್ತಕಗಳನ್ನು ತೆರೆಯಲೇಬಾರದೆಂದರು. ಬೆಂಗೆಲನು ಈ ಎರಡು ದಾರಿಗಳಲ್ಲಿ ಯಾವದನ್ನೂ ಹಿಡಿಯಲಿಲ್ಲ. ಸತ್ಯವು ಪರೀಕ್ಷೆಗೆ ಹೆದರುವದಿಲ್ಲವೆಂದು ನಂಬಿ, ತಾನೇ ಪ್ರತಿಗಳನ್ನು ಹುಡುಕಿ ನೋಡುವೆನೆಂದು ನಿಶ್ಚಯಿಸಿದನು.

ಡೆಂಕೆಂಡೋರ್ಫಿನ ಉಪಾಧ್ಯಾಯನು

1713ರಲ್ಲಿ ಅವನನ್ನು ಡೆಂಕೆಂಡೋರ್ಫ್ ಎಂಬಲ್ಲಿಯ ಪಾಠಶಾಲೆಗೆ ಉಪಾಧ್ಯಾಯನನ್ನಾಗಿ ನೇಮಿಸಿದರು. ಇದು ಹಳೆಯ ಮಠದ ಕಟ್ಟಡದಲ್ಲಿ ನಡೆಯುತ್ತಿದ್ದ ಶಾಲೆ. ಮುಂದೆ ಸಭಾಸೇವಕರಾಗತಕ್ಕ ಹುಡುಗರು ಸುಮಾರು 14 ವರುಷ ಪ್ರಾಯದಲ್ಲಿ ಅಲ್ಲಿಗೆ ಬರುತ್ತಿದ್ದರು. ಕೆಲಸವನ್ನು ಆರಂಭಿಸುವದಕ್ಕೆ ಮುಂಚೆ ಬೆಂಗೆಲನು ಜರ್ಮನಿಯಲ್ಲಿ ಸಂಚರಿಸಿ ಹಾಲೆ ಪಟ್ಟಣಕ್ಕೆ ಹೋಗಿ, ಅನಾಥಶಾಲೆಯನ್ನು ಸ್ಥಾಪಿಸಿದ ಫ್ರಾಂಕೆ ಎಂಬ ಭಕ್ತನ ಕಾರ್ಯಗಳನ್ನು ಕಂಡನು. ಆ ಹಾಲೆಯ ಶಿಕ್ಷಣವನ್ನು ಪಡೆದ ಝೀಗೆನ್‌ಬಾಲ್ಗನೇ 1706ರಲ್ಲಿ ತಮಿಳು ಸೀಮೆಯ ತರಂಗಂಬಾಡಿಗೆ ಬಂದು ಇಳಿದವನು.

ಡೆಂಕೆಂಡೋರ್ಫಿನಲ್ಲಿ ಬೆಂಗೆಲನು 28 ವರುಷ ಇದ್ದನು. ಅವನ ಕೈಕೆಳಗೆ ಸುಮಾರು 300 ಮಂದಿ ಹುಡುಗರು ಓದಿದರು. ದೊಡ್ಡ ಪದವಿಗಳನ್ನು ಅಪೇಕ್ಷಿಸದೆ, ಹುಡುಗರಿಗೆ ಲಾಟಿನ್ ಗ್ರೀಕ್ ಭಾಷೆಗಳನ್ನು ಕಲಿಸುತ್ತಾ, ಅವರೊಂದಿಗೆ ಹೊಸ ಒಡಂಬಡಿಕೆಯನ್ನು ಸಾಲುಸಾಲಾಗಿ ಓದುತ್ತಾ ತನ್ನ ಬಲವಾದ ಪ್ರಾಯವನ್ನೆಲ್ಲಾ ಅಲ್ಲಿಯೇ ಸವೆಸಿದನು. ಅವನ ವಿಷಯದಲ್ಲಿ ಒಂದು ಸಂಗತಿಯನ್ನು ಹೇಳುವದುಂಟು. ಇಷ್ಟು ದೊಡ್ಡ ಭಕ್ತನು ಏಕಾಂತದಲ್ಲಿ ಹೇಗೆ ಪ್ರಾರ್ಥಿಸುತ್ತಾನೋ ನೋಡಬೇಕೆಂದು ಒಬ್ಬನು ರಾತ್ರಿಯಲ್ಲಿ ಅಡಗಿ ನಿಂತನಂತೆ. ಬೆಂಗೆಲನು ಬಹಳ ಹೊತ್ತಿನ ವರೆಗೆ ಸತ್ಯವೇದವನ್ನು ಓದುತ್ತಿದ್ದು, ಕಡೆಗೆ ಪುಸ್ತಕವನ್ನು ಮುಚ್ಚಿ, ಹಳೆಯ ಸ್ನೇಹಿತನಿಗೆ ಹೇಳುವಂತೆ ಕರ್ತನಿಗೆ ಒಂದೆರಡು ಮಾತು ಹೇಳಿ ಮಲಗಿಕೊಂಡನಂತೆ. ದಿನವೆಲ್ಲಾ ಜೊತೆಯಲ್ಲಿ ನಡೆದವರಿಗೆ ಸಂಜೆಯಲ್ಲಿ ಹೆಚ್ಚು ಮಾತುಗಳು ಬೇಕಾಗುವದಿಲ್ಲ.

1714ರಲ್ಲಿ ಅವನಿಗೆ ಯೊಹಾನ್ನಾ ರೆಗೀನಾ ಎಂಬವಳೊಂದಿಗೆ ವಿವಾಹವಾಯಿತು. ಅವರಿಗೆ 12 ಮಂದಿ ಮಕ್ಕಳು ಹುಟ್ಟಿದರು. ಅವರಲ್ಲಿ ಆರು ಮಂದಿಯನ್ನು ಶೈಶವದಲ್ಲಿಯೇ ಮಣ್ಣಿಗೆ ಒಪ್ಪಿಸಬೇಕಾಯಿತು. ಕರ್ತನ ಬರುವಣವನ್ನು ಕುರಿತು ಬೆಂಗೆಲನು ಬರೆದದ್ದನ್ನು ಓದುವವರು ಈ ಆರು ಚಿಕ್ಕ ಸಮಾಧಿಗಳನ್ನು ಮರೆಯಬಾರದು. ಅವನು ಕಾಲವನ್ನು ಎಣಿಸಿದ್ದು ಬರಿದಾದ ಕುತೂಹಲದಿಂದಲ್ಲ. ಮರಣವು ಇಲ್ಲವಾಗುವ ದಿನವು ಅವನಿಗೆ ನಿಜವಾಗಿಯೂ ಬೇಕಾಗಿತ್ತು.

ಅಕ್ಷರಗಳ ಪರೀಕ್ಷೆ

ಬೇರೆ ಬೇರೆ ದೇಶಗಳಿಂದ ಪ್ರತಿಗಳ ವಿವರಗಳನ್ನು ತರಿಸಿ, ವರುಷಗಟ್ಟಲೆ ಹೋಲಿಸಿ ನೋಡಿ, ಬೆಂಗೆಲನು 1734ರಲ್ಲಿ ಗ್ರೀಕ್ ಹೊಸ ಒಡಂಬಡಿಕೆಯನ್ನು ಪ್ರಕಟಿಸಿದನು. ಪಾಠಭೇದಗಳನ್ನು ಅವುಗಳ ಯೋಗ್ಯತೆಗೆ ತಕ್ಕಂತೆ ಐದು ತರಗತಿಗಳಾಗಿ ವಿಂಗಡಿಸಿದನು. ಪ್ರತಿಗಳನ್ನು ಲೆಕ್ಕಿಸಿದರೆ ಸಾಲದು, ಅವು ಯಾವ ಮೂಲದಿಂದ ಬಂದವೆಂದು ನೋಡಬೇಕೆಂದು ತೋರಿಸಿ, ಅವುಗಳನ್ನು ಕುಟುಂಬಗಳನ್ನಾಗಿ ಬೇರ್ಪಡಿಸಿದವರಲ್ಲಿ ಅವನೇ ಮೊದಲಿಗನು. ಬರೆಯುವವನು ಕಠಿನವಾದ ಪದವನ್ನು ಸುಲಭ ಮಾಡುವದು ವಾಡಿಕೆಯೇ ಹೊರತು ಸುಲಭವಾದದ್ದನ್ನು ಕಠಿನ ಮಾಡುವದು ವಾಡಿಕೆಯಲ್ಲ; ಆದಕಾರಣ ಎರಡು ಪಾಠಗಳಲ್ಲಿ ಕಠಿನವಾದದ್ದೇ ಹೆಚ್ಚಾಗಿ ಮೂಲವಾಗಿರುವದೆಂಬ ನಿಯಮವನ್ನು ಅವನು ಕೊಟ್ಟನು. ಪಂಡಿತರು ಈ ಹೊತ್ತಿಗೂ ಆ ನಿಯಮವನ್ನು ಬಳಸುತ್ತಾರೆ. ಇಷ್ಟೆಲ್ಲಾ ಶೋಧಿಸಿದ ಮೇಲೆ, ಆ ಸಾವಿರಾರು ಭೇದಗಳಲ್ಲಿ ಒಂದಾದರೂ ಸುವಾರ್ತೆಯ ಯಾವ ಮುಖ್ಯ ಬೋಧನೆಯನ್ನೂ ಅಲುಗಿಸುವದಿಲ್ಲವೆಂದು ಕಂಡುಕೊಂಡು ಅವನ ಯೌವನದ ಕಳವಳವು ಶಾಂತವಾಯಿತು.

1742ರಲ್ಲಿ ಅವನ ಅತಿ ದೊಡ್ಡ ಗ್ರಂಥವಾದ ಗ್ನೋಮೊನ್ ಎಂಬ ಹೊಸ ಒಡಂಬಡಿಕೆಯ ವ್ಯಾಖ್ಯಾನವು ಹೊರಟಿತು. ಗ್ನೋಮೊನ್ ಅಂದರೆ ಬಿಸಿಲಿನ ಗಡಿಯಾರದಲ್ಲಿ ನೆಟ್ಟ ಕಡ್ಡಿ. ಆ ಕಡ್ಡಿಯು ತಾನಾಗಿ ಬೆಳಕನ್ನು ಕೊಡುವದಿಲ್ಲ. ಸೂರ್ಯನು ಎಲ್ಲಿದ್ದಾನೆಂದು ತೋರಿಸುತ್ತದೆ, ಅಷ್ಟೇ. ತನ್ನ ಪುಸ್ತಕವೂ ಹಾಗೆಯೇ ಇರಬೇಕೆಂಬದು ಬೆಂಗೆಲನ ಬಯಕೆ. ಇಬ್ರಿಯರಿಗೆ ಬರೆದ ಪತ್ರಿಕೆಯನ್ನು ವಿವರಿಸುವಾಗ ಅವನು, ಅಪೊಸ್ತಲರ ಕಾಲದವರು ಕೀರ್ತನೆಗಳನ್ನು ಹೇಗೆ ಪ್ರವಾದನೆಯಾಗಿ ಓದಿದರೆಂಬದನ್ನು ಬಹು ಜಾಗರೂಕತೆಯಿಂದ ನೋಡುತ್ತಾನೆ. ಆ ಪತ್ರಿಕೆಯಲ್ಲಿ 2ನೆಯ ಕೀರ್ತನೆಯು ಮಗನನ್ನು ಕುರಿತೂ, 8ನೆಯದು ತಗ್ಗಿಸಲ್ಪಟ್ಟು ಮಹಿಮೆಯ ಕಿರೀಟವನ್ನು ಹೊಂದಿದವನನ್ನು ಕುರಿತೂ, 110ನೆಯದು ನಿತ್ಯ ಯಾಜಕನನ್ನು ಕುರಿತೂ ಸಾಕ್ಷಿಹೇಳುತ್ತವೆ. 95ನೆಯ ಕೀರ್ತನೆಯಾದರೋ ಓದುವವನ ಮೇಲೆಯೇ ಕೈಯಿಡುತ್ತದೆ. ದೇವರ ಸ್ವರವನ್ನು ಕೇಳತಕ್ಕ ದಿನವು ಇಂದೇ ಎಂದು ಅದು ಎಚ್ಚರಿಸುತ್ತದೆ. ಅಪೊಸ್ತಲರ ಕಾಲದವರು ಕೀರ್ತನೆಗಳಿಂದ ಕ್ರಿಸ್ತನನ್ನು ಕಂಡುಕೊಂಡರು, ಇಂದಿನ ಕರ್ತವ್ಯವನ್ನು ಕಂಡುಕೊಂಡರು; ಇಸವಿಯನ್ನು ಮಾತ್ರ ಹುಡುಕಲಿಲ್ಲ.

ವರುಷಗಳ ಲೆಕ್ಕ

ಆದರೆ ಇದೇ ಬೆಂಗೆಲನು ಮತ್ತೊಂದು ಕಡೆಯಲ್ಲಿ ಇಸವಿಯನ್ನು ಹುಡುಕಿದನು. 1724ರ ಕೊನೆಯಲ್ಲಿ, ಕರ್ತನ ಆಗಮನದ ಮೊದಲನೆಯ ಭಾನುವಾರಕ್ಕೋಸ್ಕರ ಪ್ರಸಂಗವನ್ನು ಸಿದ್ಧಪಡಿಸುತ್ತಿರುವಾಗ, ಪ್ರಕಟನೆಯ ಪುಸ್ತಕದಲ್ಲಿರುವ 666 ಎಂಬ ಸಂಖ್ಯೆಯು ವರುಷಗಳನ್ನು ಸೂಚಿಸುತ್ತದೆಂಬ ಯೋಚನೆಯು ಅವನಿಗೆ ಮಿಂಚಿನಂತೆ ಹೊಳೆಯಿತು. ಅದೇ ಅಧ್ಯಾಯದಲ್ಲಿ ಮೃಗದ ಕಾಲವು 42 ತಿಂಗಳುಗಳೆಂದಿದೆ. 666 ವರುಷಗಳನ್ನು 42 ತಿಂಗಳುಗಳಿಗೆ ಹಂಚಿದರೆ ಪ್ರವಾದನೆಯ ಒಂದು ತಿಂಗಳು ನಮ್ಮ 16 ವರುಷಗಳಿಗಿಂತ ಸ್ವಲ್ಪ ಕಡಿಮೆಯಾಗುತ್ತದೆ. ಈ ಒಂದು ಅಳತೆಗೋಲನ್ನು ಹಿಡಿದು ಬೆಂಗೆಲನು ಸತ್ಯವೇದದ ಕಾಲಗಳನ್ನೆಲ್ಲಾ ಅಳೆಯುತ್ತಾ ಹೋದನು. 1740ರಲ್ಲಿ ಪ್ರಕಟನೆಯ ವ್ಯಾಖ್ಯಾನವನ್ನೂ, 1741ರಲ್ಲಿ ಕಾಲಗಳ ಕ್ರಮವನ್ನು ಕುರಿತ ಗ್ರಂಥವನ್ನೂ ಪ್ರಕಟಿಸಿದನು. ಲೋಕದ ಸಂಪೂರ್ಣ ಆಯುಷ್ಯವು 7,777 ವರುಷಗಳೂ ಮೇಲೆ ಕೆಲವು ತಿಂಗಳುಗಳೂ ಆಗುವವೆಂದನು. ಮೃಗವು ನಾಶವಾಗಿ ಸೈತಾನನು ಕಟ್ಟಲ್ಪಟ್ಟು ಸಹಸ್ರ ವರುಷದ ಕಾಲವು ಆರಂಭವಾಗತಕ್ಕದ್ದು 1836ನೆಯ ಜೂನ್ 18ರಂದು ಎಂದು ಅವನ ಲೆಕ್ಕವು ತೋರಿಸಿತು.

ಇಂಥ ಎಣಿಕೆಯನ್ನು ಮಾಡಿದವರಲ್ಲಿ ಬೆಂಗೆಲನು ಮೊದಲಿನವನಲ್ಲ. ಸಭೆಯ ಆದಿಕಾಲದಲ್ಲಿಯೇ ಬಾರ್ನಬನ ಹೆಸರಿನಿಂದ ನಡೆದುಬಂದ ಒಂದು ಪತ್ರಿಕೆಯು, ದೇವರಿಗೆ ಸಾವಿರ ವರುಷವು ಒಂದು ದಿನದಂತಿದೆ ಎಂಬದನ್ನು ಹಿಡಿದು, ಸೃಷ್ಟಿಯ ಆರು ದಿನಗಳಿಗೆ ಸರಿಯಾಗಿ ಲೋಕವು 6,000 ವರುಷ ಇರುವದೆಂದು ಬೋಧಿಸಿತು. ಐರೇನಿಯಸ್ ಮುಂತಾದವರೂ ಹಾಗೆಯೇ ಹೇಳಿದರು. ಬೆಂಗೆಲನಿಗಿದ್ದ ವಿಶೇಷವೇನಂದರೆ, ಅವನಿಗಿಂತ ಹೆಚ್ಚು ಜಾಗರೂಕನಾದ ಓದುಗನು ಆ ಕಾಲದಲ್ಲಿ ಸಿಕ್ಕುವದು ಕಷ್ಟ. ಅಂಥವನೇ ತಪ್ಪಿಹೋದನೆಂದರೆ, ನಾವು ರಾತ್ರಿ ಊಟದ ಮೇಲೆ ಜಗಲಿಯಲ್ಲಿ ಕೂತು ಹಾಕುವ ಲೆಕ್ಕವನ್ನು ಎಷ್ಟರ ಮಟ್ಟಿಗೆ ನಂಬಬಹುದು?

ಇನ್ನೊಂದು ಸಂಗತಿಯನ್ನು ಅವನ ಗೌರವಕ್ಕಾಗಿ ಹೇಳಲೇಬೇಕು. 1836ನೆಯ ವರುಷವು ಯಾವ ದೊಡ್ಡ ಬದಲಾವಣೆಯೂ ಇಲ್ಲದೆ ಕಳೆದುಹೋದರೆ, ತನ್ನ ಕ್ರಮದಲ್ಲಿ ಒಂದು ದೊಡ್ಡ ತಪ್ಪಿರುವದು ನಿಶ್ಚಯವೆಂದೂ, ಆಗ ಅದು ಎಲ್ಲಿದೆಯೆಂದು ಹುಡುಕಬೇಕೆಂದೂ ಅವನೇ ಬರೆದಿಟ್ಟನು. ತನ್ನ ಲೆಕ್ಕವನ್ನು ದೇವರ ವಾಕ್ಯಕ್ಕೆ ಸಮವಾಗಿ ಕೂರಿಸಲಿಲ್ಲ. ಲೆಕ್ಕವು ತಪ್ಪಿದರೆ ತಪ್ಪಿದವನು ಬೆಂಗೆಲನೇ, ಸತ್ಯವೇದವಲ್ಲ ಎಂದು ಮುಂದಾಗಿಯೇ ಒಪ್ಪಿಕೊಂಡನು. ಕಾಲವನ್ನು ಎಣಿಸುವವರಲ್ಲಿ ಈ ದೀನತೆಯು ಅಪರೂಪ.

1741ರಲ್ಲಿ ಅವನು ಹೆರ್ಬ್ರೆಖ್ಟಿಂಗೆನಿನಲ್ಲಿಯೂ, 1749ರಲ್ಲಿ ಆಲ್ಪಿರ್ಸ್‌ಬಾಖಿನಲ್ಲಿಯೂ ಸಭಾಧ್ಯಕ್ಷನ ಪದವಿಯನ್ನು ಹೊಂದಿ, ರಾಜಧಾನಿಯಾದ ಸ್ಟುಟ್‌ಗಾರ್ಟಿನಲ್ಲಿ ಸಭೆಯ ಆಡಳಿತದಲ್ಲಿ ಸೇರಿದನು. ಮರಣವನ್ನು ಕುರಿತು ಅವನಿಗೆ ಒಂದು ಬಯಕೆಯಿತ್ತು. ಸುತ್ತಲೂ ಜನರನ್ನು ಸೇರಿಸಿಕೊಂಡು ದೊಡ್ಡ ಮಾತುಗಳನ್ನಾಡಿ ಸಾಯುವದು ಅವನಿಗೆ ಬೇಡವಾಗಿತ್ತು. ಕೆಲಸದಲ್ಲಿರುವ ಆಳನ್ನು ಯಜಮಾನನು ಬಾಗಲಿಂದ ಕೂಗಿದರೆ ಅವನು ಎದ್ದುಹೋಗುವಂತೆ ತಾನೂ ಹೋಗಬೇಕೆಂದಿದ್ದನು. ಅಂತೆಯೇ, ತಾನು ಮಾಡಿದ ಜರ್ಮನ್ ಹೊಸ ಒಡಂಬಡಿಕೆಯ ಅಚ್ಚಿನ ಹಾಳೆಗಳನ್ನು ತಿದ್ದುವ ಕೆಲಸವು ಕೈಯಲ್ಲಿರುವಾಗಲೇ, 1752ನೆಯ ನವೆಂಬರ್ 2ರಂದು, ತನ್ನ 65ನೆಯ ಪ್ರಾಯದಲ್ಲಿ ಕರ್ತನಲ್ಲಿ ನಿದ್ರೆಹೋದನು. ಆ ಪುಸ್ತಕವು ಮರುವರುಷ ಹೊರಟಿತು. 84 ವರುಷಗಳ ಮೇಲೆ ಮಹಾ ಬದಲಾವಣೆಯಾಗುವದೆಂದು ನಂಬಿದ ಮನುಷ್ಯನು ಅಚ್ಚಿನ ಒಂದು ಅಕ್ಷರದ ತಪ್ಪನ್ನು ತಿದ್ದದೆ ಬಿಡಲಿಲ್ಲವೆಂಬದನ್ನು ಗಮನಿಸಿರಿ.

ಅವನ ತರುವಾಯ

ಗುರುವು ಎಚ್ಚರಿಕೆಯಿಂದ ಹೇಳಿದ್ದನ್ನು ಜನರು ಎಚ್ಚರಿಕೆಯಿಲ್ಲದೆ ಹಿಡಿದರು. ವುರ್ಟೆಂಬೆರ್ಗಿನ ಹಳ್ಳಿಗಳಲ್ಲಿ ರೈತರೂ ನೇಯಿಗೆಯವರೂ ರಾತ್ರಿ ಕೂಡಿಬಂದು ಬೆಂಗೆಲನ ಪುಸ್ತಕಗಳನ್ನು ಓದುವದು ವಾಡಿಕೆಯಾಯಿತು. 1815ರಲ್ಲಿ ಸುಂಬಾವಾ ದ್ವೀಪದ ತಾಂಬೋರಾ ಎಂಬ ಜ್ವಾಲಾಮುಖಿಯು ಸಿಡಿದು ಅದರ ಧೂಳು ಆಕಾಶವನ್ನು ಮುಸುಕಿದ್ದರಿಂದ, 1816ರಲ್ಲಿ ಯೂರೋಪಿನಲ್ಲಿ ಬೇಸಿಗೆಯೇ ಬರಲಿಲ್ಲ. ಎಡೆಬಿಡದೆ ಮಳೆ ಸುರಿದು ಪೈರು ಕೊಳೆತು ಕ್ಷಾಮವುಂಟಾಯಿತು. ಕಾರಣವನ್ನು ಅರಿಯದ ಜನರು ಕಡೇ ದಿನಗಳು ಬಂದವೆಂದು ನಡುಗಿದರು. ನ್ಯಾಯತೀರ್ಪು ಪಶ್ಚಿಮದ ಮೇಲೆ ಬೀಳುವದು, ಆಶ್ರಯವು ಪೂರ್ವದಲ್ಲಿದೆ ಎಂದು ನಂಬಿ 1817ರಲ್ಲಿ ಸಾವಿರಾರು ಮಂದಿ ಮನೆ ಹೊಲಗಳನ್ನು ಮಾರಿ, ಉಲ್ಮ್ ಪಟ್ಟಣದಲ್ಲಿ ದೋಣಿಗಳನ್ನು ಹತ್ತಿ ಡಾನ್ಯೂಬ್ ನದಿಯ ಮೇಲೆ ರಷ್ಯಾ ದೇಶದ ಕಡೆಗೆ ಹೊರಟರು. ದಾರಿಯಲ್ಲಿ ಜ್ವರವೂ ಅತಿಸಾರವೂ ಬಿದ್ದು ಅನೇಕ ನೂರು ಜನರು ಸತ್ತರು; ತಾಯಂದಿರು ಮಕ್ಕಳನ್ನು ನದಿಯ ದಡದಲ್ಲಿ ಹೂಳಿ ಮುಂದಕ್ಕೆ ಹೋದರು. ಬೆಂಗೆಲನು ಯಾರಿಗೂ ಹೊಲ ಮಾರಿರೆಂದು ಹೇಳಿರಲಿಲ್ಲ. ಆದರೂ ಒಮ್ಮೆ ಹೊರಬಿದ್ದ ಸಂಖ್ಯೆಯು ಹೇಳಿದವನ ದೀನತೆಯನ್ನು ಹಿಂದೆ ಬಿಟ್ಟು ಒಂಟಿಯಾಗಿ ಓಡುತ್ತದೆ.

1836ನೆಯ ಜೂನ್ 18 ಬಂತು, ಕಳೆಯಿತು. ಸೂರ್ಯನು ಎಂದಿನಂತೆ ಹುಟ್ಟಿ ಎಂದಿನಂತೆ ಮುಳುಗಿದನು. ಅಮೆರಿಕದಲ್ಲಿ ವಿಲಿಯಂ ಮಿಲ್ಲರನ ಹಿಂಬಾಲಕರು 1844ನೆಯ ಅಕ್ಟೋಬರ್ 22ನ್ನು ಎದುರುನೋಡಿದ್ದೂ ಹಾಗೆಯೇ ವ್ಯರ್ಥವಾಯಿತು.

ಈಗ ನಮ್ಮ ದೇಶದ ಮಾತಿಗೆ ಬರೋಣ. ಬೆಂಗೆಲನ ಬೋಧನೆಯಿಂದ ಬೆಚ್ಚಗಾದ ವುರ್ಟೆಂಬೆರ್ಗಿನ ಮನೆಗಳಲ್ಲಿ ಎಲ್ಲರೂ ಓಡಿಹೋಗಲಿಲ್ಲ. ಕಾಲವು ಸ್ವಲ್ಪವೇ ಇದ್ದರೆ ಸುವಾರ್ತೆಯನ್ನು ಕೇಳದ ಜನಾಂಗಗಳಿಗೆ ಬೇಗ ತಿಳಿಸಬೇಕಲ್ಲವೇ ಎಂದು ಯೋಚಿಸಿದವರೂ ಇದ್ದರು. 1815ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಪಟ್ಟಣದಲ್ಲಿ ಸ್ಥಾಪಿತವಾದ ಮಿಶನ್ ಸಂಸ್ಥೆಗೆ ಮಕ್ಕಳನ್ನೂ ಹಣವನ್ನೂ ಹೆಚ್ಚಾಗಿ ಕೊಟ್ಟವರು ಈ ವುರ್ಟೆಂಬೆರ್ಗಿನ ಭಕ್ತರೇ. ಉಲ್ಮ್ ಪಟ್ಟಣದ ಬಳಿಯ ನೆಲ್ಲಿಂಗೆನಿನಲ್ಲಿ ಹುಟ್ಟಿದ ಸಾಮುವೇಲ್ ಹೆಬಿಕನು, ಲೇನರ್ ಮತ್ತು ಗ್ರೈನರ್ ಎಂಬ ಇಬ್ಬರು ಜೊತೆಗಾರರೊಂದಿಗೆ 1834ನೆಯ ಅಕ್ಟೋಬರ್ 30ರಂದು ಮಂಗಳೂರಿಗೆ ಬಂದನು. ಬ್ರಾಕೆನ್‌ಹೈಮಿನಲ್ಲಿ ಹುಟ್ಟಿ ಟ್ಯೂಬಿಂಗೆನಿನಲ್ಲಿಯೇ ಓದಿದ ಹೆರ್ಮನ್ ಮೋಗ್ಲಿಂಗನು ಕನ್ನಡನಾಡಿಗೆ ಬಂದು ಮುಟ್ಟಿದ್ದು 1836ರ ಕೊನೆಯಲ್ಲಿ. ಬೆಂಗೆಲನು ಗುರುತು ಹಾಕಿದ ವರುಷದಲ್ಲಿ ಆಕಾಶವು ತೆರೆಯಲಿಲ್ಲ. ಆದರೆ ಅವನ ನಾಡಿನ ಒಬ್ಬ ಯೌವನಸ್ಥನು ಕನ್ನಡ ಅಕ್ಷರಗಳನ್ನು ತಿದ್ದಲು ಕೂತನು. 1841ರಲ್ಲಿ ಮಂಗಳೂರಿನಲ್ಲಿ ಅಚ್ಚುಕೂಟವು ಆರಂಭವಾಯಿತು. 1843ನೆಯ ಜುಲೈ 1ರಂದು ಮೋಗ್ಲಿಂಗನು ಮಂಗಳೂರ ಸಮಾಚಾರವನ್ನು ಹೊರಡಿಸಿ ಕನ್ನಡದ ಮೊದಲನೆಯ ವರ್ತಮಾನ ಪತ್ರಿಕೆಯನ್ನು ಕೊಟ್ಟನು.

ಎದುರುನೋಡುವ ಜನರ ಕೈಯಲ್ಲಿ ಮಿಶನರಿಗಳೂ ಒಮ್ಮೆ ಪರೀಕ್ಷೆಗೊಳಗಾದರು. 1840ರ ಸುಮಾರಿನಲ್ಲಿ ಧಾರವಾಡದ ಸೀಮೆಯಲ್ಲಿ ಕಾಲಜ್ಞಾನಿಗಳೆಂಬ ಜನರು, ತಮ್ಮ ಕಾಲಜ್ಞಾನದ ಪುಸ್ತಕಗಳಲ್ಲಿ ಮುಂತಿಳಿಸಿದ ಹೊಸ ಉಪದೇಶಕರು ಇವರೇ ಇರಬಹುದೆಂದು ಬಾಸೆಲಿನವರ ಬಳಿಗೆ ಬಂದರು. ಬಹು ಜನರು ಒಟ್ಟಾಗಿ ಸಭೆಗೆ ಸೇರುವರೆಂದು ಮಿಶನರಿಗಳು ಉಬ್ಬಿದರು. ಅವರಿಗೋಸ್ಕರ ಗದಗಿನ ಬಳಿಯ ಮಲಸಮುದ್ರದಲ್ಲಿ ಭೂಮಿಯನ್ನು ಪಡೆದು ಒಕ್ಕಲುತನದ ಪಾಳ್ಯವನ್ನು ಹೂಡಿದರು. ಆದರೆ ಎದುರುನೋಡಿದವರು ಬರಲಿಲ್ಲ. ಕಾಲಜ್ಞಾನವೆಂಬ ಮಾತಿಗೆ ಕನ್ನಡಿಗರ ಮನಸ್ಸು ಸುಲಭವಾಗಿ ಸೋಲುತ್ತದೆ. ಅದೇ ಮನಸ್ಸನ್ನು ಇಟ್ಟುಕೊಂಡು ಕೀರ್ತನೆಗಳನ್ನು ತೆರೆದರೆ ಅವು ಸಹ ನಮಗೆ ಇನ್ನೊಂದು ಕಾಲಜ್ಞಾನದ ಓಲೆಯಾಗಿಬಿಡುವವು.

ಬೆಂಗೆಲನು ನಮ್ಮ ಬಯಲು ಸೀಮೆಗೆ ಮತ್ತೊಂದು ದಾರಿಯಿಂದಲೂ ಬಂದಿದ್ದಾನೆ. ಇಂಗ್ಲೆಂಡಿನ ಜಾನ್ ವೆಸ್ಲಿಯು 1755ರಲ್ಲಿ ಹೊಸ ಒಡಂಬಡಿಕೆಯ ಟಿಪ್ಪಣಿಗಳನ್ನು ಪ್ರಕಟಿಸಿದಾಗ ಬೆಂಗೆಲನ ಗ್ನೋಮೊನಿನಿಂದ ಬಹಳವಾಗಿ ತೆಗೆದುಕೊಂಡೆನೆಂದು ಅದರ ಮುನ್ನುಡಿಯಲ್ಲಿ ತಿಳಿಸಿದನು. ಪ್ರಕಟನೆಯ ಪುಸ್ತಕದಲ್ಲಿಯೂ ಬೆಂಗೆಲನನ್ನು ಅನುಸರಿಸಿದನು. ಆದರೆ ಅದರಲ್ಲಿರುವ ಎಲ್ಲದಕ್ಕೂ ತಾನು ಹೊಣೆಯಲ್ಲವೆಂದು ಹೇಳಿಕೊಂಡನು. ಆ ಟಿಪ್ಪಣಿಗಳು ವೆಸ್ಲಿಯ ಸಭೆಯವರಿಗೆ ಬೋಧನೆಯ ಅಳತೆಗೋಲಾದವು. ಅದೇ ಸಭೆಯ ಮಿಶನರಿಗಳು 1820ರ ದಶಕದಲ್ಲಿ ಬೆಂಗಳೂರಿನಲ್ಲಿ ಕೆಲಸವನ್ನು ಆರಂಭಿಸಿ, 1837ರಲ್ಲಿ ಗುಬ್ಬಿಯಲ್ಲಿ ನೆಲೆಸಿ, ಕ್ರಮೇಣ ಮೈಸೂರು ಸಂಸ್ಥಾನದ ಬೇರೆ ಸೀಮೆಗಳಿಗೂ ಹೋದರು. 1947ರಲ್ಲಿ ಆ ಸಭೆಗಳು ದಕ್ಷಿಣ ಇಂಡಿಯಾ ಸಭೆಯಲ್ಲಿ ಐಕ್ಯವಾದವು. ಹೀಗೆ ಪಶ್ಚಿಮದ ಕರಾವಳಿಯಿಂದ ಬಾಸೆಲಿನವರೂ ಪೂರ್ವದ ಕಡೆಯಿಂದ ವೆಸ್ಲಿಯವರೂ ಒಬ್ಬನೇ ಉಪಾಧ್ಯಾಯನ ಶ್ರಮದ ಫಲವನ್ನು ಕನ್ನಡನಾಡಿಗೆ ಹೊತ್ತುತಂದರು. ಅವನ ಸಂಖ್ಯೆಯು ಬಿದ್ದುಹೋಯಿತು. ಅವನ ಜಾಗರೂಕತೆಯು ಉಳಿಯಿತು.

ನಮಗೆ ಬುದ್ಧಿ

ಹಾಗಾದರೆ ಕೀರ್ತನೆಗಳಲ್ಲಿ ಕಡೇ ಕಾಲದ ಪ್ರವಾದನೆಯಿಲ್ಲವೋ? ಇಲ್ಲವೆನ್ನಲಾಗದು. ಪುನರುತ್ಥಾನದ ತರುವಾಯ ಕರ್ತನೇ ಕೀರ್ತನೆಗಳಲ್ಲಿ ತನ್ನ ವಿಷಯವಾಗಿ ಬರೆದದ್ದುಂಟೆಂದು ಶಿಷ್ಯರಿಗೆ ತಿಳಿಸಿದನು. ಪೇತ್ರನು ಪಂಚಾಶತ್ತಮ ದಿನದಲ್ಲಿ 16ನೆಯ ಕೀರ್ತನೆಯಿಂದ ಪುನರುತ್ಥಾನವನ್ನು ಸಾರಿದನು. ಇಂಗ್ಲೆಂಡಿನ ಸಾಮುವೇಲ್ ಹಾರ್ಸ್ಲಿ ಎಂಬ ಬಿಷಪನು ಕೀರ್ತನೆಗಳಲ್ಲಿ ಅನೇಕವು ಕ್ರಿಸ್ತನ ಎರಡನೆಯ ಬರುವಣವನ್ನು ಕುರಿತವೆಂದು ವಿವರಿಸಿದನು. ಅವನ ಗ್ರಂಥವು ಅವನು ಸತ್ತ ಮೇಲೆ 1815ರಲ್ಲಿ ಹೊರಟಿತು. ಸ್ಕಾಟ್ಲೆಂಡಿನ ಆಂಡ್ರೂ ಬೋನರನೂ 1859ರಲ್ಲಿ ಅದೇ ದಾರಿಯಲ್ಲಿ ಒಂದು ವ್ಯಾಖ್ಯಾನವನ್ನು ಬರೆದನು. 96ನೆಯದೂ 98ನೆಯದೂ ಕೊನೆಗೊಳ್ಳುವದೇ ಕರ್ತನು ಭೂಮಿಗೆ ನ್ಯಾಯತೀರಿಸಲು ಬರುವನೆಂಬ ನಿರೀಕ್ಷೆಯಲ್ಲಿ. ಆದರೆ ಆ ಕೀರ್ತನೆಗಳ ಸ್ವರವನ್ನು ಕೇಳಿರಿ. ಹೊಲಗಳೂ ಕಾಡಿನ ಮರಗಳೂ ನದಿಗಳೂ ಅವನ ಮುಂದೆ ಹರ್ಷಿಸುತ್ತವೆ. ಬಡವನ ಹೊಲದ ಬದುವನ್ನು ಒತ್ತಿದವನಿಗೂ ಸುಳ್ಳು ತೂಕವನ್ನಿಟ್ಟವನಿಗೂ ಅದು ಭಯದ ದಿನವೇ. ಆದರೆ ಒತ್ತಲ್ಪಟ್ಟವನಿಗೆ ಅದು ಹಬ್ಬ. ಬರುವವನು ಯಾರೆಂದು ಅವು ಹೇಳುತ್ತವೆ, ಹೇಗೆ ನ್ಯಾಯತೀರಿಸುವನೆಂದು ಹೇಳುತ್ತವೆ. ಯಾವಾಗ ಎಂಬದನ್ನು ಮಾತ್ರ ಹೇಳುವದಿಲ್ಲ.

ಕೀರ್ತನೆಗಳ ಅಂಕೆಗಳಲ್ಲಿ ಇಸವಿಯನ್ನು ಹುಡುಕುವವರಿಗೆ ಒಂದು ಸಂಗತಿ ಸಾಕು. ಇಬ್ರಿಯ ಸತ್ಯವೇದದಲ್ಲಿ 48ನೆಯದಾಗಿರುವ ಕೀರ್ತನೆಯು ಪೂರ್ವಕಾಲದ ಗ್ರೀಕ್ ಭಾಷಾಂತರದಲ್ಲಿ 47ನೆಯದು. ಇಬ್ರಿಯದ 9 ಮತ್ತು 10ನೆಯ ಕೀರ್ತನೆಗಳು ಅಲ್ಲಿ ಒಂದೇ ಆಗಿರುವದರಿಂದ ಮುಂದಿನ ಅಂಕೆಗಳು ಬದಲಾಗಿವೆ. ಎಣಿಸುವವನು ಯಾವ ಅಂಕೆಯನ್ನು ಹಿಡಿಯಬೇಕು? ಅಂಕೆಯು ಹುಡುಕುವ ಅನುಕೂಲಕ್ಕಾಗಿ, ಪ್ರವಾದನೆಯಿರುವದು ವಾಕ್ಯದಲ್ಲಿ.

90ನೆಯ ಕೀರ್ತನೆಯ ಭಕ್ತನಾದರೋ ಎಣಿಸುವದಕ್ಕೆ ಕಲಿಯಬೇಕೆಂದು ನಿಜವಾಗಿ ಬೇಡಿಕೊಳ್ಳುತ್ತಾನೆ. ಆದರೆ ಅವನು ಎಣಿಸಬಯಸುವದು ದೇವರ ದಿನಗಳನ್ನಲ್ಲ, ತನ್ನ ದಿನಗಳನ್ನು. ಲೋಕದ ಆಯುಷ್ಯವನ್ನು ಅಳೆಯಲು ಜನರು ಯಾವ ಕೀರ್ತನೆಯನ್ನು ಹೆಚ್ಚಾಗಿ ಎತ್ತಿಕೊಳ್ಳುತ್ತಾರೋ, ಅದು ಮುಗಿಯುವದು ನಮ್ಮ ಕೈಕೆಲಸವನ್ನು ದೇವರು ಸ್ಥಿರಪಡಿಸಲಿ ಎಂಬ ವಿಜ್ಞಾಪನೆಯಲ್ಲಿ. ಸಾವಿರ ವರುಷವು ಒಂದು ದಿನದಂತಿರುವ ದೇವರ ಮುಂದೆ ನಿಂತವನು ಕೈಕೆಲಸವನ್ನು ಬಿಟ್ಟುಬಿಡುವದಿಲ್ಲ. ಅದನ್ನು ಆಶೀರ್ವದಿಸೆಂದು ಕೇಳುತ್ತಾನೆ.

ನಮ್ಮ ಹಿರಿಯರು ಧಾತು ಈಶ್ವರ ಸಂವತ್ಸರಗಳ ಕ್ಷಾಮವನ್ನು, ಅಂದರೆ 1876ರಿಂದ 1878ರ ವರೆಗಿನ ಬರವನ್ನು ಕಂಡವರು. 1871ರಲ್ಲಿ 50 ಲಕ್ಷಕ್ಕೆ ಮೇಲ್ಪಟ್ಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆಯು 1881ರ ಗಣತಿಯಲ್ಲಿ 42 ಲಕ್ಷಕ್ಕೂ ಕಡಿಮೆಯಾಗಿತ್ತು. ಆ ದಿನಗಳಲ್ಲಿ ಲೋಕವೇ ಮುಗಿಯಿತೆಂದು ಯಾರಾದರೂ ನೆನಸಿದ್ದರೆ ಆಶ್ಚರ್ಯವಿಲ್ಲ. ಆದರೂ ಹಸಿವೆಯಲ್ಲಿಯೂ ಬೀಜದ ರಾಗಿಯನ್ನು ಮುಟ್ಟದೆ ಕಟ್ಟಿಟ್ಟವರಿದ್ದದರಿಂದಲೇ ಮಳೆ ಬಂದಾಗ ಹೊಲಗಳು ಬಿತ್ತಲ್ಪಟ್ಟವು.

ಆದಕಾರಣ, ತರೀಕೆರೆಯ ಕಡೆಯ ಸಹೋದರನೇ, ನಿನ್ನ ಸಸಿಗಳನ್ನು ನೆಡು. ಅವುಗಳ ಗುಳಿಯನ್ನು ತೋಡುವಾಗ ಕರ್ತನು ಬಂದರೆ, ಕೆಲಸದಲ್ಲಿರುವ ಆಳಾಗಿ ನಿನ್ನನ್ನು ಕಾಣುವನು. ಅವನು ಬರಲು ತಡಮಾಡಿದರೆ ನಿನ್ನ ಮಕ್ಕಳು ಆ ನೆರಳಿನಲ್ಲಿ ಕೂತು ಕೀರ್ತನೆಗಳನ್ನು ಓದುವರು. ಕಡೂರಿನ ಬಯಲಿನಲ್ಲಿ ರಾಗಿ ಬಿತ್ತುವವರೂ, ಅಜ್ಜಂಪುರದಲ್ಲಿ ದನಗಳನ್ನು ಕಾಯುವವರೂ ಹಾಗೆಯೇ ಮಾಡಲಿ. ಯಾರಾದರೂ ನಿಮ್ಮ ಬಳಿಗೆ ಇಸವಿಯನ್ನು ತಂದರೆ, ಕೋಪಿಸಿಕೊಳ್ಳದೆ, ಆ ವರುಷವು ಸುಮ್ಮನೆ ಕಳೆದುಹೋದರೆ ತಪ್ಪು ತನ್ನದೇ ಎಂದು ಬೆಂಗೆಲನಂತೆ ಮುಂದಾಗಿ ಬರೆದುಕೊಡುವಿರೋ ಎಂದು ಅವನನ್ನು ಶಾಂತವಾಗಿ ಕೇಳಿರಿ. ನಮಗಾದರೋ ಕರ್ತನು ತನ್ನ ಬರುವಣವನ್ನು ಪ್ರೀತಿಸುವ ಹೃದಯವನ್ನೂ, ಇಂದಿನ ಕೆಲಸವನ್ನು ಇಂದೇ ಮಾಡಿ ಮುಗಿಸುವ ಬಲವನ್ನೂ ದಯಪಾಲಿಸಲಿ.